ಸತುವಿನ ಲೇಪದ ಕಬ್ಬಿಣಕ್ಕೆ ಬಣ್ಣ ನಿಲ್ಲಬೇಕಾದರೆ



ಇವತ್ತು ಕಾಫಿಯ ಮಾತಿಲ್ಲ, ಕರಿಮೆಣಸಿನ ಮಾತಿಲ್ಲ, ಗೊಬ್ಬರದ ಲೆಕ್ಕವೂ ಇಲ್ಲ. ಆದರೆ ಆ ಕಾಫಿಯನ್ನೂ ಮೆಣಸನ್ನೂ ಗೊಬ್ಬರವನ್ನೂ ಮಳೆಯಿಂದ ಕಾಯುವ ಮಾಡಿನ ಮಾತು. ನಮ್ಮ ಕೊಡಗಿನಲ್ಲಿ ಈಗ ಹೊಸದಾಗಿ ಕಟ್ಟುವ ಕೊಟ್ಟಿಗೆ, ಉಗ್ರಾಣ, ಪಲ್ಪರ್ ಮನೆ, ಸೋರುವ ತಾರಸಿಯ ಮೇಲೆ ಎಬ್ಬಿಸುವ ಎರಡನೆಯ ಮಾಡು, ಇವುಗಳಲ್ಲಿ ಹೆಚ್ಚಿನವುಗಳ ಎಲುಬು ಮರದ್ದಲ್ಲ, ಕಬ್ಬಿಣದ್ದು. ಒಳ್ಳೆಯ ಮರ ಸಿಗುವುದು ಕಷ್ಟ, ಸಿಕ್ಕಿದರೂ ಗೆದ್ದಲಿನ ಕಾಟ. ಆದುದರಿಂದ ಕಂಬ, ತೊಲೆ, ಪಕಾಸಿ ಎಲ್ಲವೂ ಕಬ್ಬಿಣದ ಕೊಳವೆಯದೇ ಆಗಿಬಿಟ್ಟಿವೆ.

ಈ ಕೊಳವೆ, ಪಟ್ಟಿ, ತಗಡುಗಳಿಗೆ ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲಿಯೇ ಸತುವಿನ ಲೇಪ ಕೊಟ್ಟಿರುತ್ತಾರೆ. ನಾವು ಜಿ.ಐ. ಪೈಪು, ಜಿ.ಐ. ಶೀಟು ಎನ್ನುವುದು ಇದನ್ನೇ. ಹೊಸದರಲ್ಲಿ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಅದರ ಮೇಲೆ ನಾವು ಅಂದಕ್ಕೂ ಆಯಿತು, ಭದ್ರತೆಗೂ ಆಯಿತು ಎಂದು ಹಸುರೋ ಕೆಂಪೋ ಎನಾಮಲ್ ಬಣ್ಣ ಬಳಿಸುತ್ತೇವೆ. ಬೇಸಗೆಯಲ್ಲಿ ನೋಡಲು ಬಹಳ ಚೆನ್ನ. ಒಂದು ಮಳೆಗಾಲ, ಹೆಚ್ಚೆಂದರೆ ಎರಡು ಮಳೆಗಾಲ ಕಳೆಯಲಿ, ನೀಲಗಿರಿ ಮರದ ತೊಗಟೆ ಸುಲಿಯುವ ಹಾಗೆ ಬಣ್ಣ ಸುಲಿಯತೊಡಗುತ್ತದೆ. ಉಗುರು ತಾಗಿಸಿದರೆ ಅಂಗೈಯಗಲ ಎದ್ದು ಬರುತ್ತದೆ. ಯಜಮಾನರು ಪೇಂಟರನ್ನು ಬೈಯುತ್ತಾರೆ, ಪೇಂಟರು ಅಂಗಡಿಯವರನ್ನು ಬೈಯುತ್ತಾರೆ, ಅಂಗಡಿಯವರು ಕಂಪನಿಯನ್ನು ತೋರಿಸುತ್ತಾರೆ. ಬೈದು ಫಲವೇನು? ಬಣ್ಣದ ಹಣ ಹೋಯಿತು, ಕೂಲಿಯ ಹಣ ಹೋಯಿತು, ಕಬ್ಬಿಣಕ್ಕೂ ರಕ್ಷಣೆ ಸಿಗಲಿಲ್ಲ.

ಇದರ ಗುಟ್ಟು ಬಣ್ಣದಲ್ಲಿ ಇಲ್ಲ, ಬಣ್ಣದ ಅಡಿಯಲ್ಲಿ ಇದೆ. ಗದ್ದೆಯನ್ನು ಹದ ಮಾಡದೆ ನಾಟಿ ಮಾಡಿದರೆ ಪೈರು ಬೇರು ಬಿಟ್ಟೀತೆ? ಹಾಗೆಯೇ ಇದು. ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಈ ಸತು ಮಾಡುವ ಕೆಲಸವೇನು ಎಂಬುದನ್ನು ತಿಳಿಯಬೇಕು. ಸತುವು ನಮ್ಮ ದೇಶಕ್ಕೆ ಹೊಸ ಲೋಹವಲ್ಲ. ರಾಜಸ್ಥಾನದ ಜಾವರ್ ಎಂಬಲ್ಲಿ ನಮ್ಮ ಹಿಂದಿನವರು ನೂರಾರು ವರ್ಷಗಳ ಹಿಂದೆಯೇ ಅದಿರಿನಿಂದ ಸತುವನ್ನು ಭಟ್ಟಿ ಇಳಿಸಿ ತೆಗೆಯುತ್ತಿದ್ದರು. ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ಕ್ರಮಕ್ಕೆ ಫ್ರಾನ್ಸ್ ದೇಶದಲ್ಲಿ ಸೊರೆಲ್ ಎಂಬ ಎಂಜಿನಿಯರು 1837ರಲ್ಲಿ ಹಕ್ಕುಪತ್ರ ಪಡೆದರು. ಸತುವು ಸುಮಾರು 420 ಡಿಗ್ರಿ ಶಾಖದಲ್ಲಿ ಕರಗುತ್ತದೆ. 450 ಡಿಗ್ರಿಯಷ್ಟು ಕಾದ ಆ ತೊಟ್ಟಿಯಲ್ಲಿ ಚೊಕ್ಕಟ ಮಾಡಿದ ಕಬ್ಬಿಣವನ್ನು ಅದ್ದಿದರೆ, ಸತುವು ಮೇಲೆ ಮೆತ್ತಿಕೊಳ್ಳುವುದು ಮಾತ್ರವಲ್ಲ, ಕಬ್ಬಿಣದೊಡನೆ ಬೆರೆತು ಒಂದಾಗಿ ಬಿಡುತ್ತದೆ.

ಹೀಗೆ ಕುಳಿತ ಸತು ಕಬ್ಬಿಣಕ್ಕೆ ಎರಡು ರೀತಿಯಲ್ಲಿ ಕಾವಲು. ಒಂದು, ಹೊದಿಕೆಯಂತೆ ನೀರನ್ನೂ ಗಾಳಿಯನ್ನೂ ತಡೆಯುತ್ತದೆ. ಎರಡು, ಎಲ್ಲಾದರೂ ಗೀಚಿ ಕಬ್ಬಿಣ ಹೊರಗೆ ಕಂಡರೂ, ಸುತ್ತಲಿನ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಬಣ್ಣಕ್ಕೆ ಈ ಎರಡನೆಯ ಗುಣವಿಲ್ಲ. ಸತು ಇರುವ ತನಕ ಕಬ್ಬಿಣ ಕ್ಷೇಮ. ಸತು ಮುಗಿದ ದಿನ ತುಕ್ಕು ಆರಂಭ.

ಹಾಗಾದರೆ ಸತು ಎಷ್ಟು ವರ್ಷ ಬಂದೀತು? ಅದು ಲೇಪದ ದಪ್ಪವನ್ನು ಅವಲಂಬಿಸಿದೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಒಂದು ಮೈಕ್ರಾನ್ ಎನ್ನುತ್ತಾರೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ತಗಡುಗಳಿಗೆ ಭಾರತೀಯ ಮಾನಕ 277 ಎಂಬ ಗುರುತುಂಟು. ಅದರಲ್ಲಿ 275 ಎಂಬ ದರ್ಜೆ ಇದ್ದರೆ, ಒಂದು ಚದರ ಮೀಟರ್ ತಗಡಿಗೆ ಎರಡು ಮೈಯೂ ಸೇರಿ 275 ಗ್ರಾಂ ಸತು ಎಂದು ಅರ್ಥ. ಅಂದರೆ ಒಂದೊಂದು ಮೈಗೆ ಸುಮಾರು 20 ಮೈಕ್ರಾನ್, ಕೂದಲಿನ ದಪ್ಪದ ಮೂರನೆಯ ಒಂದು ಪಾಲೂ ಇಲ್ಲ. 120ರ ದರ್ಜೆಯದಾದರೆ ಎಂಟೂವರೆ ಮೈಕ್ರಾನ್ ಅಷ್ಟೆ. ಆದರೆ 5 ಮಿಲಿಮೀಟರಿಗೆ ಕಡಿಮೆಯಿಲ್ಲದ ದಪ್ಪದ ಕಟ್ಟಡದ ಕಬ್ಬಿಣವನ್ನು ಕತ್ತರಿಸಿ, ಬೆಸೆದು, ಆಮೇಲೆ ತೊಟ್ಟಿಯಲ್ಲಿ ಅದ್ದಿಸಿದರೆ ಮಾನಕ 4759ರ ಪ್ರಕಾರ ಒಂದೊಂದು ಮೈಗೂ ಚದರ ಮೀಟರಿಗೆ 610 ಗ್ರಾಂ, ಅಂದರೆ ಸುಮಾರು 85 ಮೈಕ್ರಾನ್ ಸತು ಕೂರುತ್ತದೆ.

ಹಳ್ಳಿಯ ಹವೆಯಲ್ಲಿ, ತೇವ ಹೆಚ್ಚಿರುವ ಕಡೆ, ವರ್ಷಕ್ಕೆ ಒಂದರಿಂದ ಎರಡು ಮೈಕ್ರಾನ್ ಸವೆಯುತ್ತದೆಂದು ಇಟ್ಟುಕೊಳ್ಳಿ. ಈಗ ನೀವೇ ಲೆಕ್ಕ ಹಾಕಿ. ಎಂಟೂವರೆ ಮೈಕ್ರಾನಿನದು ನಾಲ್ಕರಿಂದ ಎಂಟು ವರ್ಷ. ಇಪ್ಪತ್ತರದು ಹತ್ತರಿಂದ ಇಪ್ಪತ್ತು ವರ್ಷ. ಎಂಬತ್ತೈದರದು ನಲವತ್ತು ವರ್ಷಕ್ಕೆ ಕಡಿಮೆಯಿಲ್ಲ. ಅಂಗಡಿಯಲ್ಲಿ ಮೂರೂ ಒಂದೇ ಥರ ಹೊಳೆಯುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಕೊಳ್ಳುವಾಗ ದರ್ಜೆ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು. "ಸತು ಅಷ್ಟು ಚೆನ್ನಾಗಿ ಕಾಯುವುದಾದರೆ ಬಣ್ಣವೇ ಏಕೆ ಬೇಕು ಸ್ವಾಮಿ?" ಒಳ್ಳೆಯ ಪ್ರಶ್ನೆ. ಮೈಸೂರಿನಿಂದ ಕೋಝಿಕ್ಕೋಡಿಗೆ ದಕ್ಷಿಣ ಕೊಡಗಿನ ಮೂಲಕ ಹೋಗುವ 400 ಕಿಲೋವೋಲ್ಟ್ ವಿದ್ಯುತ್ ಮಾರ್ಗದ ಗೋಪುರಗಳನ್ನು ನೋಡಿದ್ದೀರಿ. ಇಂಥ ಗೋಪುರಗಳ ಕಬ್ಬಿಣಕ್ಕೆ ಸಾಮಾನ್ಯವಾಗಿ ದಪ್ಪ ಸತುವಿನ ಲೇಪವೇ ಕಾವಲು. ಮಳೆಯಲ್ಲಿ ನೆನೆದು, ಬಿಸಿಲಿನಲ್ಲಿ ಒಣಗಿ, ಬೂದುಬಣ್ಣಕ್ಕೆ ತಿರುಗಿ ನಿಂತಿರುತ್ತವೆ. ಗಾಳಿಯಾಡುವ, ಮಳೆ ತೊಳೆಯುವ ಜಾಗದಲ್ಲಿ ದಪ್ಪ ಲೇಪದ ಕಬ್ಬಿಣಕ್ಕೆ ಬಣ್ಣ ಬೇಕೇ ಬೇಕೆಂದಿಲ್ಲ. ಕೆಟ್ಟ ಬಣ್ಣ ಬಳಿಯುವುದಕ್ಕಿಂತ ಬಣ್ಣವಿಲ್ಲದೆ ಬಿಡುವುದೇ ಲೇಸು. ಏಕೆಂದರೆ ಸಡಿಲವಾದ ಬಣ್ಣದ ಅಡಿಯಲ್ಲಿ ನೀರು ಸಿಕ್ಕಿಕೊಂಡು ಆರದೆ ನಿಲ್ಲುತ್ತದೆ. ಆರದ ಜಾಗದಲ್ಲಿ ಸತು ಬೇಗ ಸವೆಯುತ್ತದೆ.

ಆದರೆ ಬಣ್ಣ ಬೇಕಾದ ಜಾಗಗಳೂ ಉಂಟು. ದನದ ಕೊಟ್ಟಿಗೆ ಮತ್ತು ಹಂದಿಗೂಡು: ಅಲ್ಲಿ ಗಂಜಲದ ಹಬೆ, ಸದಾ ತೇವ. ಗೊಬ್ಬರದ ಉಗ್ರಾಣ: ರಸಗೊಬ್ಬರದ ಪುಡಿ ತೇವ ಹೀರಿ ಕಂಬದ ಬುಡದಲ್ಲಿ ಕೂತರೆ ಸತುವನ್ನು ತಿನ್ನುತ್ತದೆ. ಪಲ್ಪರ್ ಮನೆ: ಹಣ್ಣಿನ ಸಿಪ್ಪೆಯ ಹುಳಿನೀರು ಸಿಡಿಯುತ್ತದೆ. ಮೆಣಸಿಗೂ ಅಡಿಕೆಗೂ ಬೋರ್ಡೋ ಹೊಡೆಯುವಾಗ ಹನಿ ಹಾರಿ ಬೀಳುವ ಕಂಬ, ಬೇಲಿಗಳು. ಮಣ್ಣಿನಿಂದ ಒಂದು ಮೊಳದ ಎತ್ತರದ ತನಕ ಕಂಬದ ಬುಡ. ತೆಳು ಲೇಪದ ಅಗ್ಗದ ಕೊಳವೆಗಳು. ಸತು ಸವೆದು ಕೆಂಪು ಚುಕ್ಕಿ ಕಾಣುತ್ತಿರುವ ಹಳೆಯ ತಗಡುಗಳು. ಇವಕ್ಕೆ ಬಣ್ಣ ಅಗತ್ಯ. ಬಣ್ಣ ಸರಿಯಾಗಿ ಹಿಡಿದರೆ ಲಾಭವೂ ದೊಡ್ಡದು. ಬಣ್ಣ ಸತುವನ್ನು ಕಾಯುತ್ತದೆ, ಬಣ್ಣ ಬಿರುಕುಬಿಟ್ಟಲ್ಲಿ ಸತು ಕಬ್ಬಿಣವನ್ನು ಕಾಯುತ್ತದೆ. ಎರಡರ ಆಯುಸ್ಸನ್ನು ಬೇರೆಬೇರೆಯಾಗಿ ಎಣಿಸಿ ಕೂಡಿದರೆ ಎಷ್ಟಾಗುವುದೋ, ಎರಡೂ ಜೊತೆಗಿದ್ದಾಗ ಅದರ ಒಂದೂವರೆ ಪಟ್ಟು ಅಥವಾ ಇನ್ನೂ ಹೆಚ್ಚು ಬಾಳಿಕೆ ಬರುತ್ತದೆಂದು ಈ ವಿಷಯದಲ್ಲಿ ಕೆಲಸ ಮಾಡಿದವರು ಕಂಡುಕೊಂಡಿದ್ದಾರೆ.

ಇನ್ನು ಮುಖ್ಯ ವಿಷಯ. ಸತುವಿನ ಮೇಲೆ ಬಣ್ಣ ಏಕೆ ನಿಲ್ಲುವುದಿಲ್ಲ? ನಾಲ್ಕು ಕಾರಣಗಳಿವೆ.

ಮೊದಲನೆಯದು ನುಣುಪು. ಹೊಸ ಸತುವಿನ ಮೈ ಗಾಜಿನಂತೆ. ಬಣ್ಣಕ್ಕೆ ಕಾಲೂರಲು ತರಿಯಿಲ್ಲ.

ಎರಡನೆಯದು ಜಿಡ್ಡು. ಸಾಗಾಣಿಕೆಯಲ್ಲಿ ಕಲೆಯಾಗದಿರಲೆಂದು ಕಾರ್ಖಾನೆಯಲ್ಲಿ ಎಣ್ಣೆಯನ್ನೋ ಬೇರೆ ರಾಸಾಯನಿಕದ ತೆಳುಪೊರೆಯನ್ನೋ ಕೊಟ್ಟಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಇರುತ್ತದೆ. ಎಣ್ಣೆ ಹಚ್ಚಿದ ಕಾವಲಿಗೆ ದೋಸೆ ಅಂಟುತ್ತದೆಯೇ ತಾಯಂದಿರೇ? ಇಲ್ಲವಲ್ಲ.

ಮೂರನೆಯದು ಬಿಳಿ ಪುಡಿ. ತಗಡುಗಳನ್ನು ಒಂದರ ಮೇಲೊಂದು ಒತ್ತಾಗಿ ಪೇರಿಸಿಟ್ಟು, ನಡುವೆ ಮಳೆಯ ನೀರೋ ಮಂಜಿನ ತೇವವೋ ಸೇರಿದರೆ ಕೆಲವೇ ದಿನಗಳಲ್ಲಿ ಸುಣ್ಣದಂಥ ಬಿಳಿ ಪುಡಿ ಏಳುತ್ತದೆ. ಇದಕ್ಕೆ ಬಿಳಿ ತುಕ್ಕು ಎನ್ನುತ್ತಾರೆ. ಇದು ಸತುವೇ ಕೆಟ್ಟು ಆದದ್ದು. ಪುಡಿಯ ಮೇಲೆ ಬಳಿದ ಬಣ್ಣ ಪುಡಿಯನ್ನು ಹಿಡಿಯುತ್ತದೆಯೇ ಹೊರತು ಲೋಹವನ್ನು ಹಿಡಿಯುವುದಿಲ್ಲ.

ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು, ಅದು ಸಾಬೂನು. ನಗಬೇಡಿ. ಎಣ್ಣೆಗೆ ಕಾಸ್ಟಿಕ್ ಸೋಡ ಬೆರೆಸಿದರೆ ಸಾಬೂನು ಆಗುವುದು ನಿಮಗೆ ಗೊತ್ತು. ನಾವು ತರುವ ಸಾಮಾನ್ಯ ಎನಾಮಲ್ ಬಣ್ಣದಲ್ಲಿ ಎಣ್ಣೆಯಿಂದ ಬಂದ ಅಂಶ ಇದೆ. ಸತುವಿನ ಮೈಮೇಲೆ ತೇವ ಸೇರಿದಾಗ ಕ್ಷಾರದ ಗುಣ ಹುಟ್ಟುತ್ತದೆ. ಈ ಎರಡೂ ಸೇರಿ ಬಣ್ಣಕ್ಕೂ ಲೋಹಕ್ಕೂ ನಡುವೆ ಸತುವಿನ ಸಾಬೂನಿನ ಪೊರೆಯೊಂದು ಮೆಲ್ಲಮೆಲ್ಲನೆ ಬೆಳೆಯುತ್ತದೆ. ಬಣ್ಣ ಬಿರುಸಾಗಿ, ಹಿಡಿತ ತಪ್ಪಿ, ಹಪ್ಪಳದಂತೆ ಎದ್ದು ಬರುತ್ತದೆ. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ. ಆದುದರಿಂದಲೇ ಬಳಿದ ವಾರದಲ್ಲಿ ಎಷ್ಟು ಕೆರೆದರೂ ಬಾರದ ಬಣ್ಣ, ಕಕ್ಕಡದ ಮಳೆ ಮುಗಿಯುವ ಹೊತ್ತಿಗೆ ತಾನಾಗಿ ಉದುರುತ್ತದೆ.

"ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೈ ಹೊಡೆದರೆ ಸರಿಹೋಗದೆ?" ಎಂದು ಬಹಳ ಮಂದಿ ಕೇಳುತ್ತಾರೆ. ಬರಿಯ ಕಬ್ಬಿಣಕ್ಕೆ ಅದು ಸರಿ. ಆದರೆ ಅಂಗಡಿಯ ಸಾಮಾನ್ಯ ರೆಡ್ ಆಕ್ಸೈಡ್ ಕೂಡ ಹೆಚ್ಚಾಗಿ ಅದೇ ಎಣ್ಣೆಯ ಜಾತಿಯದು. ಸತುವಿನ ಮೇಲೆ ಅದೂ ಸಾಬೂನೇ ಆಗುತ್ತದೆ. ತೊಂದರೆ ಬಣ್ಣದ ರಂಗಿನಲ್ಲಿಲ್ಲ, ಅದರೊಳಗಿನ ಎಣ್ಣೆಯಲ್ಲಿದೆ.

ಕೆಲವರು ಮೈಲುತುತ್ತದ ನೀರಿನಿಂದ ಹೊಸ ತಗಡನ್ನು ತೊಳೆದು ಬಣ್ಣ ಬಳಿಯುವ ಹಳೆಯ ಪದ್ಧತಿ ಹೇಳುತ್ತಾರೆ. ಇದು ಬೇಡ. ಬೋರ್ಡೋ ದ್ರಾವಣ ಮಾಡಿದಾಗ ನೀವು ಚೊಕ್ಕ ಚಾಕುವಿನ ಅಲಗನ್ನು ಅದ್ದಿ ನೋಡುತ್ತೀರಿ. ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು ಎಂದು ತಿಳಿಯುತ್ತೀರಿ. ಆ ಕೆಂಪು ಎಂದರೆ ತಾಮ್ರ. ಸತುವಿನ ಮೇಲೂ ತಾಮ್ರ ಹೀಗೆಯೇ, ಇನ್ನೂ ಬೇಗನೆ ಕೂರುತ್ತದೆ. ತಾಮ್ರ ಕೂತಲ್ಲಿ ಸತು ಬೇಗ ಕರಗುತ್ತದೆ. ಬೋರ್ಡೋವನ್ನು ಸತುವಿನ ಬಕೆಟ್ಟಿನಲ್ಲಿ ಕಲಸಬಾರದು ಎಂದು ಹೇಳುವುದೂ ಇದಕ್ಕಾಗಿಯೇ. ಅದೇ ರೀತಿ ಶೌಚಗೃಹ ತೊಳೆಯುವ ಆಸಿಡ್ಡಾಗಲಿ ಕಾಸ್ಟಿಕ್ ಸೋಡವಾಗಲಿ ಬಳಸಕೂಡದು, ಎರಡೂ ಸತುವನ್ನೇ ತಿಂದುಹಾಕುತ್ತವೆ. ಹುಳಿನೀರಿನಿಂದ ಉಜ್ಜುವುದೂ ನೆಚ್ಚತಕ್ಕ ವಿಧಾನವಲ್ಲ. ಕಾಚಂಪುಳಿ ಹಂದಿಕರಿಗೇ ಇರಲಿ, ತಗಡಿಗೆ ಬೇಡ.

ಹಾಗಾದರೆ ಮಾಡಬೇಕಾದುದು ಏನು? ಎರಡು ದಾರಿಗಳಿವೆ.

ಆತುರವಿಲ್ಲದವರಿಗೆ ಮೊದಲನೆಯ ದಾರಿ, ಕಾಯುವುದು. ಹೊಸ ಸತು ಗಾಳಿ, ಮಳೆ, ಬಿಸಿಲಿಗೆ ಮೈಯೊಡ್ಡಿ ನಿಂತರೆ ಆರು ತಿಂಗಳಿನಿಂದ ಎರಡು ವರ್ಷದೊಳಗೆ ಹೊಳಪು ಕಳೆದುಕೊಂಡು ಬೂದುಬಣ್ಣದ ಗಟ್ಟಿಪೊರೆ ಕಟ್ಟುತ್ತದೆ. ಆ ಪೊರೆ ನೀರಿನಲ್ಲಿ ಕರಗುವುದಿಲ್ಲ, ಸಣ್ಣ ತರಿ ಇರುವುದರಿಂದ ಬಣ್ಣಕ್ಕೆ ಹಿಡಿತವೂ ಸಿಗುತ್ತದೆ. ಆಗ ಚೆನ್ನಾಗಿ ತೊಳೆದು, ಸಡಿಲ ಪುಡಿ ತೆಗೆದು ಬಣ್ಣ ಕೊಡಬಹುದು. ಆದರೆ ಒಂದು ಮಾತು. ಮಾಡಿನ ಒಳಮೈಗೆ ಮಳೆ ತೊಳೆಯುವ ಭಾಗ್ಯವಿಲ್ಲ. ಮರದ ನೆರಳಿನಲ್ಲಿ ಸದಾ ತೇವವಿರುವ ಜಾಗದಲ್ಲಿ ಗಟ್ಟಿಪೊರೆಯ ಬದಲು ಪುಡಿಯೇ ಏಳುತ್ತದೆ. ಅಲ್ಲಿ ಕಾದು ಪ್ರಯೋಜನವಿಲ್ಲ. ಅಲ್ಲದೆ ಕಾದ ಮಾತ್ರಕ್ಕೆ ಸಾಮಾನ್ಯ ಎನಾಮಲನ್ನು ನೇರವಾಗಿ ಬಳಿಯಬಹುದೆಂದೂ ತಿಳಿಯಬಾರದು. ಸರಿಯಾದ ಪ್ರೈಮರ್ ಆಗಲೂ ಬೇಕು.

ಎರಡನೆಯ ದಾರಿ, ಹೊಸ ಮೈಯನ್ನೇ ಹದ ಮಾಡುವುದು. ಇದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲು ತೊಳೆಯುವುದು. ಬಕೆಟ್ ನೀರಿಗೆ ಬಟ್ಟೆ ಒಗೆಯುವ ಸೋಪಿನ ಪುಡಿ ಹಾಕಿ, ತೆಂಗಿನ ನಾರಿನಿಂದಲೋ ಪ್ಲಾಸ್ಟಿಕ್ ಎಳೆಯ ಬ್ರಶ್ಶಿನಿಂದಲೋ ಉಜ್ಜಿ ತೊಳೆಯಿರಿ. ಎಣ್ಣೆ ಕಲೆ ಇದ್ದಲ್ಲಿ ಮೊದಲು ಟರ್ಪೆಂಟೈನಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಆಗಾಗ ಬದಲಿಸಿ. ಇಲ್ಲವಾದರೆ ಇಲ್ಲಿನ ಎಣ್ಣೆಯನ್ನು ಅಲ್ಲಿಗೆ ಬಳಿದಂತಾಯಿತು. ಸೀಮೆಎಣ್ಣೆ ಬೇಡ, ಅದು ತಾನೇ ಜಿಡ್ಡು ಬಿಡುತ್ತದೆ. ಬಳಿಕ ಸೋಪು ಒಂದಿಷ್ಟೂ ಉಳಿಯದಂತೆ ಒಳ್ಳೆಯ ನೀರಿನಲ್ಲಿ ಎರಡು ಸಲ ತೊಳೆಯಬೇಕು.

ಜಿಡ್ಡು ಹೋಯಿತೆ ಎಂದು ತಿಳಿಯಲು ಸುಲಭದ ಪರೀಕ್ಷೆ ಉಂಟು. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವುದನ್ನು ನೋಡಿದ್ದೀರಿ. ತೊಳೆದ ಕಬ್ಬಿಣದ ಮೇಲೆ ನೀರು ಚಿಮುಕಿಸಿ. ಮುತ್ತಾಗಿ ನಿಂತರೆ ಜಿಡ್ಡು ಇನ್ನೂ ಇದೆ, ಪುನಃ ತೊಳೆಯಿರಿ. ತೆಳ್ಳಗೆ ಹರಡಿಕೊಂಡರೆ ಮೈ ಚೊಕ್ಕಟವಾಯಿತು.

ಆಮೇಲೆ ತರಿ ಮಾಡುವುದು. ನಯವಾದ ಉಪ್ಪುಕಾಗದ, 180 ಅಥವಾ 220 ನಂಬರಿನದು ಸಾಕು. ಹೊಳಪು ಮಾಸುವಷ್ಟು ಮಾತ್ರ ಹಗುರವಾಗಿ ಉಜ್ಜಬೇಕು. ಸತುವಿನ ದಪ್ಪ ಕೂದಲಿಗಿಂತ ಕಡಿಮೆ ಎಂದು ಆಗಲೇ ಹೇಳಿದೆನಲ್ಲ. ಬಲ ಹಾಕಿ ತಿಕ್ಕಿದರೆ ಹಣ ಕೊಟ್ಟು ತಂದ ಸತುವನ್ನು ನಾವೇ ತೆಗೆದಂತಾಗುತ್ತದೆ. ಸತುವಿನ ಮೇಲೆ ಕಬ್ಬಿಣದ ತಂತಿಯ ಬ್ರಶ್ಶು ಕೂಡದು, ಅದರ ಕಬ್ಬಿಣದ ಚೂರು ಅಲ್ಲೇ ಸಿಕ್ಕಿಕೊಂಡು ತುಕ್ಕಿನ ಚುಕ್ಕಿ ಎಬ್ಬಿಸುತ್ತದೆ. ಉಜ್ಜಿದ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಹೀಗೆ ಹದವಾದ ಮೈಯನ್ನು ಮರುದಿನಕ್ಕೆ ಇಡದೆ, ಆ ದಿನವೇ ಪ್ರೈಮರ್ ಕೊಡಬೇಕು.

ಮೂರನೆಯದು ಪ್ರೈಮರ್. ಇಡೀ ಕೆಲಸದ ಜೀವ ಇದರಲ್ಲಿದೆ. ಅಂಗಡಿಯಲ್ಲಿ "ಗ್ಯಾಲ್ವನೈಸ್ಡ್ ಕಬ್ಬಿಣಕ್ಕೆ ಕೊಡುವ ಪ್ರೈಮರ್" ಎಂದೇ ಕೇಳಿ, ಡಬ್ಬದ ಮೇಲೆ ಆ ಮಾತು ಬರೆದಿದೆಯೇ ಎಂದು ಓದಿಸಿ ನೋಡಿ. ಸಿಗುವುದು ಮೂರು ಬಗೆ. ಒಂದು, ಎಚ್ ಪ್ರೈಮರ್. ಇದರಲ್ಲಿ ಸ್ವಲ್ಪ ಫಾಸ್ಫಾರಿಕ್ ಆಮ್ಲವಿದ್ದು ಸತುವನ್ನು ಕಚ್ಚಿ ಹಿಡಿಯುತ್ತದೆ. ತೀರ ತೆಳ್ಳಗೆ, ಅಡಿಯ ಲೋಹ ಮಸುಕಾಗಿ ಕಾಣುವಷ್ಟು ಮಾತ್ರ ಬಳಿಯಬೇಕು, ದಪ್ಪವಾದರೆ ಅದೇ ಸುಲಿಯುತ್ತದೆ. ಎರಡು, ಎಪಾಕ್ಸಿ ಪ್ರೈಮರ್. ಎರಡು ಡಬ್ಬ ಬರುತ್ತದೆ, ಹೇಳಿದ ಅಳತೆಯಲ್ಲೇ ಬೆರೆಸಬೇಕು. ಬೆರೆಸಿದ್ದು ಕೆಲವು ಗಂಟೆಯಲ್ಲಿ ಗಟ್ಟಿಯಾಗುವುದರಿಂದ ಬೇಕಾದಷ್ಟೇ ಬೆರೆಸಿ. ಕೊಟ್ಟಿಗೆ, ಪಲ್ಪರ್ ಮನೆ, ಗೊಬ್ಬರದ ಉಗ್ರಾಣಕ್ಕೆ ಇದು ಒಳ್ಳೆಯದು. ಬಿಸಿಲು ಬೀಳುವಲ್ಲಿ ಇದರ ಮೇಲೆ ಬೇರೆ ಬಣ್ಣ ಬೇಕೇ ಬೇಕು. ಮೂರು, ನೀರಿನಲ್ಲಿ ಕಲಸುವ ಅಕ್ರಿಲಿಕ್ ಜಾತಿಯದು. ಇದರಲ್ಲಿ ಎಣ್ಣೆಯಿಲ್ಲ, ಆದುದರಿಂದ ಸಾಬೂನಿನ ಭಯವೂ ಇಲ್ಲ. ಮನೆಯ ಮಾಡಿಗೆ, ಗೇಟಿಗೆ ಇದು ಸಾಕು.

ಪ್ರೈಮರ್ ಒಂದು ಕಂಪನಿಯದು, ಬಣ್ಣ ಇನ್ನೊಂದು ಕಂಪನಿಯದು ಎಂದು ಬೆರಕೆ ಮಾಡಬೇಡಿ. ಯಾವ ಪ್ರೈಮರ್ ಮೇಲೆ ಯಾವ ಬಣ್ಣ, ಎಷ್ಟು ಹೊತ್ತು ಬಿಟ್ಟು, ಎಂಬುದನ್ನು ಡಬ್ಬದ ಮೇಲೆ ಬರೆದಿರುತ್ತಾರೆ. ಅದನ್ನೇ ಅನುಸರಿಸಿ. ಒಂದು ದಪ್ಪ ಕೈಗಿಂತ ಎರಡು ತೆಳು ಕೈ ಯಾವಾಗಲೂ ಮೇಲು.

ಇಡೀ ಮಾಡಿಗೆ ಬಳಿಸುವ ಮೊದಲು ಒಂದು ಮೂಲೆಯಲ್ಲಿ ಅಂಗೈಯಗಲ ಬಳಿದು, ಒಂದು ವಾರ ಒಣಗಿಸಿ ಪರೀಕ್ಷೆ ಮಾಡಿ. ಬ್ಲೇಡಿನಿಂದ ಎರಡು ಮಿಲಿಮೀಟರಿಗೊಂದರಂತೆ ಉದ್ದಕ್ಕೆ ಆರು ಗೆರೆ, ಅಡ್ಡಕ್ಕೆ ಆರು ಗೆರೆ, ಲೋಹ ಮುಟ್ಟುವ ಹಾಗೆ ಎಳೆಯಿರಿ. ಅದರ ಮೇಲೆ ಅಂಟು ಟೇಪನ್ನು ಒತ್ತಿ ಅಂಟಿಸಿ ಫಕ್ಕನೆ ಎಳೆಯಿರಿ. ಚೌಕಗಳು ಟೇಪಿನೊಡನೆ ಎದ್ದು ಬಂದರೆ ಹಿಡಿತವಿಲ್ಲ, ಕೆಲಸ ನಿಲ್ಲಿಸಿ. ಎಲ್ಲವೂ ಕೂತಲ್ಲೇ ಇದ್ದರೆ, ಆ ಜಾಗಕ್ಕೆ ಒದ್ದೆ ಬಟ್ಟೆಯನ್ನು ಒಂದು ದಿನ ಸುತ್ತಿಟ್ಟು, ಒರೆಸಿ ಒಣಗಿಸಿ, ಪಕ್ಕದಲ್ಲಿ ಇನ್ನೊಮ್ಮೆ ನೋಡಿ. ನಮ್ಮದು ಮಳೆಯ ನಾಡು, ಒದ್ದೆಯಲ್ಲಿ ಗೆದ್ದ ಬಣ್ಣವೇ ಬಣ್ಣ. ಪ್ರೈಮರ್ ಸತುವಿಗೆ ತಕ್ಕದ್ದಾಗಿದ್ದರೆ ಮಾತ್ರ ಈ ಪರೀಕ್ಷೆಗೆ ಬೆಲೆ. ಎಣ್ಣೆಯ ಜಾತಿಯ ಬಣ್ಣ ಮೊದಲ ವಾರ ಇದರಲ್ಲಿ ಪಾಸಾದರೂ ನಂಬಬೇಡಿ.

ಇನ್ನು ಕಾಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ, ಭಾಗಮಂಡಲದ ಕಡೆ ಅದಕ್ಕೂ ಬಹಳ ಹೆಚ್ಚು, ಕುಶಾಲನಗರದ ಕಡೆ ಮಡಿಕೇರಿಯ ಅರ್ಧವೂ ಇಲ್ಲ. ಎಲ್ಲಿಯವರಾದರೂ ಕಾಫಿ ಕುಯ್ಲಿನ ಗಡಿಬಿಡಿ ಇಳಿದ ಮೇಲೆ, ಫೆಬ್ರವರಿ ಮಾರ್ಚ್ ತಿಂಗಳಲ್ಲಿ, ಹೂಮಳೆಯ ಮೋಡ ನೋಡಿಕೊಂಡು ಈ ಕೆಲಸ ಇಟ್ಟುಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ಬೆಳಗಿನ ಇಬ್ಬನಿ ಕಬ್ಬಿಣದ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ಒಣಗಿದಂತೆ ಕಂಡರೂ ಅಂಗೈಯಿಟ್ಟು ನೋಡಿ. ಸುಮಾರು ಹತ್ತು ಗಂಟೆಯ ಮೇಲೆ ಆರಂಭಿಸಿ, ಮೂರು ಗಂಟೆಯೊಳಗೆ ನಿಲ್ಲಿಸಿ. ಸಂಜೆಯ ಮಂಜು ಬೀಳುವ ಮೊದಲು ಬಣ್ಣದ ಮೇಲ್ಮೈ ಆರಬೇಕು. ಸುಡುಬಿಸಿಲಿನಲ್ಲಿ ಕಾದ ತಗಡಿನ ಮೇಲೂ ಬಳಿಯಬೇಡಿ, ಗುಳ್ಳೆ ಏಳುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದನ್ನು ನೆನಪಿಡಿ.

ವೆಲ್ಡಿಂಗ್ ವಿಷಯ ಹೇಳದಿದ್ದರೆ ಮಾತು ಪೂರ್ತಿಯಾಗದು. ಕೊಳವೆಗಳನ್ನು ಬೆಸೆದ ಕಡೆ, ಕತ್ತರಿಸಿದ ಕಡೆ ಸತು ಸುಟ್ಟು ಹೋಗಿರುತ್ತದೆ. ಮಾಡು ಮೊದಲು ಕೆಡುವುದು ಅಲ್ಲಿಯೇ, ಭಾರ ಹೊರುವ ಗಂಟೂ ಅದೇ. ಇಂಥ ಕಡೆ ಮಾತ್ರ ತಂತಿಯ ಬ್ರಶ್ಶಿನಿಂದ ಕಿಟ್ಟ ತೆಗೆದು, ಹೊಳೆಯುವಂತೆ ಉಜ್ಜಿ, ಸತುವಿನ ಪುಡಿ ತುಂಬಿದ ಝಿಂಕ್ ರಿಚ್ ಬಣ್ಣವನ್ನು ಎರಡು ಕೈ ಕೊಡಬೇಕು. ಅಲ್ಯೂಮಿನಿಯಂ ಬಣ್ಣವೂ ಬೆಳ್ಳಿಯಂತೆಯೇ ಕಾಣುತ್ತದೆ, ಆದರೆ ಅದು ಸತುವಿನ ಕೆಲಸ ಮಾಡದು. ಸತುವಿನ ಮೇಲೆ ವೆಲ್ಡಿಂಗ್ ಮಾಡುವಾಗ ಏಳುವ ಬಿಳಿ ಹೊಗೆ ಕುಡಿದವರಿಗೆ ಆ ರಾತ್ರಿ ಚಳಿಜ್ವರ ಬರುವುದುಂಟು. ಹಾಲು ಕುಡಿದರೆ ಸಾಕೆಂದು ನೆಚ್ಚಬೇಡಿ. ಬಯಲಿನಲ್ಲಿ, ಗಾಳಿಯ ಬೆನ್ನಿಗೆ ನಿಂತು, ಮುಖಕವಚ ಹಾಕಿ ಮಾಡುವುದೇ ಉಪಾಯ.

ಹಳೆಯ ಬಣ್ಣ ಸುಲಿಯುತ್ತಿರುವ ಗೇಟು, ಕಂಬಗಳಿದ್ದರೆ ಇನ್ನೊಂದು ಎಚ್ಚರಿಕೆ. ಹಿಂದಿನ ಬಣ್ಣಗಳಲ್ಲಿ ಸೀಸ ಬೆರೆಸುತ್ತಿದ್ದರು. ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಿ ಸೀಸವಿರಕೂಡದೆಂಬ ಸರ್ಕಾರದ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂದಿದೆ. ಅದಕ್ಕೆ ಹಿಂದಿನ ಬಣ್ಣವನ್ನು ಒಣದಾಗಿ ಕೆರೆದು ಧೂಳೆಬ್ಬಿಸಬೇಡಿ. ಒದ್ದೆ ಮಾಡಿ ಕೆರೆಯಿರಿ. ಕೆಳಗೆ ಹಾಸು ಹಾಸಿ ಚಕ್ಕೆಗಳನ್ನು ಒಟ್ಟುಗೂಡಿಸಿ. ಮಕ್ಕಳನ್ನೂ ಕೋಳಿಗಳನ್ನೂ ದೂರವಿಡಿ. ಕರುಗಳಿಗೆ ನೆಕ್ಕುವ ಚಾಳಿ ಹೆಚ್ಚು. ಸೀಸದ ಬಣ್ಣ ನೆಕ್ಕಿ ದನಕರುಗಳು ವಿಷವೇರಿ ಸಾಯುವುದುಂಟು. ಚಕ್ಕೆಯನ್ನು ಗೊಬ್ಬರದ ಗುಂಡಿಗೆ ಹಾಕಲೇಬೇಡಿ.

ತಗಡು ತಂದು ಕೂಡಲೇ ಹೊದಿಸದಿದ್ದರೆ ಮಾಡಿನಡಿಯಲ್ಲಿ, ನೆಲಕ್ಕೆ ತಾಗದಂತೆ, ನಡುನಡುವೆ ರೀಪಿನ ತುಂಡು ಕೊಟ್ಟು, ಒಂದು ಬದಿ ಎತ್ತರವಾಗಿ ಓರೆಯಾಗಿ ಜೋಡಿಸಿ. ನೀರು ಇಳಿದುಹೋಗಲಿ, ಗಾಳಿಯಾಡಲಿ. ಹಸಿ ಸಿಮೆಂಟು, ಸುಣ್ಣ ಬಿದ್ದರೆ ಆಗಲೇ ತೊಳೆಯಿರಿ.

ಕೊನೆಯದಾಗಿ ಜೀವದ ಮಾತು. ನಮ್ಮ ಮನೆಗಳಲ್ಲಿ ಮೆಣಸು ಕುಯ್ಯುವ ಅಲ್ಯೂಮಿನಿಯಂ ಏಣಿಯೇ ಎಲ್ಲ ಕೆಲಸಕ್ಕೂ ಏಣಿ. ಅದು ವಿದ್ಯುತ್ ತಂತಿಗೆ ತಗಲಿ ಆಳುಗಳು ಪ್ರಾಣ ಕಳೆದುಕೊಂಡ ಸುದ್ದಿ ಜಿಲ್ಲೆಯಲ್ಲಿ ಪದೇಪದೇ ಕೇಳಿದ್ದೇವೆ. ತಂತಿಯ ಹತ್ತಿರ ಬಿದಿರಿನ ಒಣ ಏಣಿ ಇಡಿ, ಸಾಧ್ಯವಾದರೆ ಲೈನ್‌ಮ್ಯಾನಿಗೆ ಹೇಳಿ ವಿದ್ಯುತ್ತು ತೆಗೆಸಿ. ಮಾಡಿನ ಮೇಲೆ ಹತ್ತುವವರು ಸೊಂಟಕ್ಕೆ ಹಗ್ಗ ಕಟ್ಟಿ ಗಟ್ಟಿ ತೊಲೆಗೆ ಬಿಗಿಯಲಿ. ಬೆಳಕಿಗೆಂದು ಹಾಕಿದ ಪ್ಲಾಸ್ಟಿಕ್ ಶೀಟಿನ ಮೇಲೆ ಕಾಲಿಡಬಾರದು.

ಹೇಳಿದ್ದನ್ನು ಒಮ್ಮೆ ನೆನಪು ಮಾಡಿಕೊಳ್ಳೋಣ. ಕೊಳ್ಳುವಾಗ ಸತುವಿನ ದರ್ಜೆ ನೋಡಿ. ಬಣ್ಣ ನಿಜವಾಗಿ ಬೇಕೆ ಎಂದು ಮೊದಲು ಯೋಚಿಸಿ. ಬೇಕಾದರೆ ತೊಳೆಯಿರಿ, ನೀರು ಚಿಮುಕಿಸಿ ನೋಡಿ, ಹಗುರವಾಗಿ ಉಜ್ಜಿ, ಸತುವಿಗೆಂದೇ ಮಾಡಿದ ಪ್ರೈಮರ್ ಕೊಡಿ, ಒಣ ದಿನದಲ್ಲಿ ಬಳಿಯಿರಿ. ಬೆಸುಗೆಯ ಗಂಟುಗಳನ್ನು ಮರೆಯಬೇಡಿ. ತೊಳೆಯುವುದಕ್ಕೆ ಒಂದು ದಿನ ಹೆಚ್ಚು ಹಿಡಿದೀತು. ಆ ಒಂದು ದಿನವನ್ನು ಉಳಿಸಲು ಹೋಗಿ ಎರಡು ವರ್ಷಕ್ಕೊಮ್ಮೆ ಬಣ್ಣದ ಡಬ್ಬ ಹೊರುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ.

ಈ ಬೇಸಗೆಯಲ್ಲಿ ನಿಮ್ಮ ಕೊಟ್ಟಿಗೆಯ ಕಂಬಗಳನ್ನು ಒಂದು ಸಲ ಉಗುರಿನಿಂದ ಕೆರೆದು ನೋಡಿ. ಬಣ್ಣ ಏಳುತ್ತದೆಯೋ ಇಲ್ಲವೋ, ಅದೇ ಹೇಳುತ್ತದೆ.